ಕ್ರೂಸ್ ಹಡಗಿನಲ್ಲಿ ಇನ್ಸುಲಿನ್: ಎಲ್ಲಿ ಕೆಡುತ್ತದೆ, ಹೇಗೆ ಕಾಪಾಡಿಕೊಳ್ಳಬೇಕು

ಕ್ರೂಸ್‌ಗೆ ಹೊರಡುವ ಇನ್ಸುಲಿನ್ ಬಳಕೆದಾರರು ಮೊಟ್ಟಮೊದಲು ಕೇಳುವುದು, “ಕ್ಯಾಬಿನ್‌ನಲ್ಲಿ ಫ್ರಿಜ್ ಇರುತ್ತದೆಯೇ?” ಎಂದು. ಕೇಳಬೇಕಾದ ಪ್ರಶ್ನೆಯೇ. ಆದರೆ ಫ್ರಿಜ್ ಸಿಕ್ಕಿತು, ಇನ್ನು ಚಿಂತೆಯಿಲ್ಲ ಎಂದುಕೊಂಡರೆ ಅಪಾಯ. ಹಡಗಿನ ಕ್ಯಾಬಿನ್‌ಗೆ ಎ.ಸಿ. ಇರುತ್ತದೆ, ಒಳಗೆ ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಸೆಲ್ಸಿಯಸ್. ಅಷ್ಟರಲ್ಲಿ ನೀವು ಬಳಸುತ್ತಿರುವ ಇನ್ಸುಲಿನ್ ಪೆನ್ನಿಗೆ ಏನೂ ಆಗುವುದಿಲ್ಲ. ಅದು ಕೆಡುವ ಜಾಗಗಳೇ ಬೇರೆ. ಹಡಗು ಹತ್ತುವ ದಿನ ಬೇರೆಯವರ ಕೈಗೆ ಕೊಟ್ಟುಬಿಟ್ಟ ಸೂಟ್‌ಕೇಸು, ಬಂದರಿನಲ್ಲಿ ಬಿಸಿಲಿಗೆ ನಿಂತ ಬಸ್ಸು, ಬಾಲ್ಕನಿಯ ಮೇಜು. ಇವೆಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು, ಫ್ರಿಜ್ಜಿನ ಹಿಂಬದಿಯ ಕೊರೆಯುವ ತಗಡು. ಇವತ್ತು ಈ ಜಾಗಗಳನ್ನು ಪ್ರಯಾಣದ ಕ್ರಮದಲ್ಲೇ ನೋಡುತ್ತಾ ಹೋಗೋಣ.

ಮೊದಲು ಉಷ್ಣಾಂಶದ ಲೆಕ್ಕ. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗಿದ್ದರೆ, ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅವಧಿಯವರೆಗೂ ಚೆನ್ನಾಗಿರುತ್ತದೆ. ಬಳಸಲು ಶುರುಮಾಡಿದ ಮೇಲೆ ಹೊರಗೇ ಇಡಬಹುದು, 30 ಡಿಗ್ರಿ ದಾಟದಿದ್ದರೆ ಸಾಕು. ಎಷ್ಟು ದಿನ ಎಂಬುದು ನಿಮ್ಮ ಇನ್ಸುಲಿನ್ ಯಾವುದು ಎನ್ನುವುದರ ಮೇಲೆ ಹೋಗುತ್ತದೆ. ಆಸ್ಪಾರ್ಟ್, ಲಿಸ್‌ಪ್ರೊ, ಮಿಲಿಲೀಟರಿಗೆ 100 ಯೂನಿಟ್ ಇರುವ ಗ್ಲಾರ್ಜಿನ್, ಇವಕ್ಕೆ 28 ದಿನ. ಡೆಗ್ಲುಡೆಕ್‌ಗೆ 56 ದಿನ. ಕೆಲವು ಮಿಶ್ರ ಇನ್ಸುಲಿನ್ ಪೆನ್ನುಗಳಿಗೆ ಮಾತ್ರ 10 ಅಥವಾ 14 ದಿನವಷ್ಟೇ. ನಿಮ್ಮದರ ಪೆಟ್ಟಿಗೆಯೊಳಗೆ ಮಡಚಿಟ್ಟ ಹಾಳೆಯಲ್ಲಿ ಈ ಸಂಖ್ಯೆ ಇರುತ್ತದೆ, ಓದಿ. ಈ ಒಂದು ಸಂಖ್ಯೆ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಏಕೆಂದರೆ ಏಳು ದಿನದ ಪ್ರವಾಸಕ್ಕೆ 28 ದಿನ ಬಾಳುವ ಪೆನ್ ಒಯ್ಯುವವರಿಗೆ, ತಂಪಾದ ಕ್ಯಾಬಿನ್ ಇದ್ದರೆ, ಫ್ರಿಜ್ಜೇ ಬೇಕಿಲ್ಲ. ಬೇಕಾಗುವುದು ತಿಂಗಳುಗಟ್ಟಲೆ ಪ್ರಯಾಣ ಮಾಡುವವರಿಗೆ ಮತ್ತು ಹೆಚ್ಚುವರಿಯಾಗಿ ತಂದ ದಾಸ್ತಾನಿಗೆ.

ಬಿಸಿಗಿಂತ ಹೆಪ್ಪುಗಟ್ಟುವುದಕ್ಕೇ ನಾನು ಹೆಚ್ಚು ಹೆದರುತ್ತೇನೆ. ಏಕೆ ಎಂದು ಒಂದು ನಿಮಿಷ ಹೇಳಿಬಿಡುತ್ತೇನೆ. ಇನ್ಸುಲಿನ್ ಒಂದು ಪ್ರೋಟೀನ್. ಹೆಚ್ಚಿನ ಇನ್ಸುಲಿನ್‌ಗಳಲ್ಲಿ ಅದರ ಅಣುಗಳು ಸತುವಿನ ಆಸರೆಯಲ್ಲಿ ಆರಾರು ಸೇರಿ ಗುಂಪಾಗಿ ತೇಲುತ್ತಿರುತ್ತವೆ. ನೀರು ಮಂಜುಗಡ್ಡೆಯಾಗುತ್ತಾ ಹೋದಂತೆ ಉಳಿದ ದ್ರವ ಗಾಢವಾಗುತ್ತದೆ, ಅಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮತ್ತೆ ಕರಗಿಸಿದರೂ ಅವೆಲ್ಲ ಮೊದಲಿನಂತೆ ಬಿಡಿಬಿಡಿಯಾಗುವುದಿಲ್ಲ. ಎನ್‌ಪಿಎಚ್‌ನಂಥ ಹಾಲುಬಣ್ಣದ ಇನ್ಸುಲಿನ್‌ನಲ್ಲಿ ಹರಳುಗಳು ಮುದ್ದೆಯಾಗಿ ಸೀಸೆಯ ಗೋಡೆಗೆ ಹತ್ತುತ್ತವೆ; ಆಗ ನೀವು ಎಳೆದ 20 ಯೂನಿಟ್‌ನಲ್ಲಿ ನಿಜಕ್ಕೂ ಎಷ್ಟು ಔಷಧ ಬಂತು ಎಂದು ಹೇಳುವುದು ಸಾಧ್ಯವಿಲ್ಲ. ಬಿಸಿಯಲ್ಲಿ ಇನ್ಸುಲಿನ್ ದಿನದಿಂದ ದಿನಕ್ಕೆ ಬಲ ಕಳೆದುಕೊಳ್ಳುತ್ತದೆ. ಹೆಪ್ಪುಗಟ್ಟಿದರೆ ಒಂದೇ ರಾತ್ರಿಯಲ್ಲಿ ಹಾಳು, ಅದೂ ಕೆಲವೊಮ್ಮೆ ಕಣ್ಣಿಗೆ ಯಾವ ಗುರುತೂ ಕಾಣದಂತೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೂ ಬಳಸಬೇಡಿ.

ಇನ್ನು ಎಷ್ಟು ಒಯ್ಯಬೇಕು? ಬೇಕಾದದ್ದರ ಎರಡರಷ್ಟು. ಆದರೆ ಈ “ಬೇಕಾದದ್ದು” ಎಷ್ಟು ಎಂದು ಎಣಿಸುವಾಗಲೇ ಹಲವರು ತಪ್ಪುತ್ತಾರೆ. ಒಂದು ಉದಾಹರಣೆ ನೋಡಿ. 14 ದಿನದ ಪ್ರವಾಸ, ದಿನಕ್ಕೆ ಒಮ್ಮೆ 20 ಯೂನಿಟ್ ದೀರ್ಘಾವಧಿ ಇನ್ಸುಲಿನ್. 14 ಗುಣಿಸು 20, ಅಂದರೆ 280. ಮೂರು ಮಿಲಿಲೀಟರಿನ ಪೆನ್ನಿನಲ್ಲಿ 300 ಯೂನಿಟ್ ಇದೆ, ಒಂದು ಪೆನ್ ಸಾಕು ಎನಿಸುತ್ತದೆ. ಸಾಲುವುದಿಲ್ಲ. ಪ್ರತಿ ಸಲ ಚುಚ್ಚುವ ಮೊದಲು ಗಾಳಿ ಹೊರಹಾಕಲು 2 ಯೂನಿಟ್ ಬಿಡುತ್ತೀರಲ್ಲ, ಅದನ್ನು ಸೇರಿಸಿ. ದಿನಕ್ಕೆ 22, ಒಟ್ಟು 308. ಕೊನೆಯ ದಿನ ಪೆನ್ ಖಾಲಿ. ಹಾಗಾಗಿ ಎರಡು ಪೆನ್, ಅದರ ದುಪ್ಪಟ್ಟು ನಾಲ್ಕು. ಊಟದ ಇನ್ಸುಲಿನ್ ದಿನಕ್ಕೆ ಮೂರು ಸಲ ಸೇರಿ 24 ಯೂನಿಟ್ ಇದ್ದರೆ ಗಾಳಿ ಬಿಡಲು ಇನ್ನೊಂದು 6, ಒಟ್ಟು 30. 14 ದಿನಕ್ಕೆ 420. ಎರಡು ಪೆನ್, ದುಪ್ಪಟ್ಟು ನಾಲ್ಕು. ಸೂಜಿ, ಸ್ಟ್ರಿಪ್, ಲ್ಯಾನ್ಸೆಟ್, ಶುಗರ್ ಅಳೆಯಲು ಮೈಗೆ ಅಂಟಿಸಿಕೊಳ್ಳುವ ಸೆನ್ಸರ್, ಇನ್ಸುಲಿನ್ ಪಂಪ್‌ನ ಟ್ಯೂಬು ಎಲ್ಲವೂ ಇದೇ ರೀತಿ ಎರಡರಷ್ಟು. ಪಂಪ್ ಬಳಸುವವರು, ಪಂಪ್ ಕೈಕೊಟ್ಟರೆ ಬೇಕಾಗುವ ದೀರ್ಘಾವಧಿ ಇನ್ಸುಲಿನ್ ಪೆನ್ನು, ಸೂಜಿ, ಜೊತೆಗೆ ಬೇಸಲ್ ದರಗಳನ್ನು (ಗಂಟೆಗೆ ಎಷ್ಟು ಇನ್ಸುಲಿನ್ ಸತತವಾಗಿ ಹೋಗಬೇಕು ಎಂಬುದನ್ನು) ಬರೆದುಕೊಂಡ ಒಂದು ಚೀಟಿ ಇಟ್ಟುಕೊಳ್ಳಲೇಬೇಕು. ಮೂರನೆಯದು ಮರೆತುಹೋಗುತ್ತದೆ, ಏಕೆಂದರೆ ಆ ದರಗಳು ಪಂಪ್‌ನೊಳಗೇ ಇರುತ್ತವೆ, ಪಂಪ್ ಸತ್ತರೆ ಅವೂ ಹೋದವು.

ಸಾಮಾನನ್ನು ಎರಡು ಭಾಗ ಮಾಡಿ ಎರಡು ಕೈಚೀಲಗಳಲ್ಲಿಡಿ, ಒಂದು ನಿಮ್ಮ ಹತ್ತಿರ, ಇನ್ನೊಂದು ಜೊತೆಯಲ್ಲಿ ಬರುವವರ ಹತ್ತಿರ. ಒಬ್ಬರೇ ಹೋಗುವುದಾದರೂ ಎರಡೂ ಕೈಚೀಲವೇ ಆಗಿರಲಿ. ವಿಮಾನದಲ್ಲಿ ಬಂದರಿನ ಊರಿಗೆ ಹೋಗುವುದಾದರೆ ಇನ್ಸುಲಿನ್ ಯಾವ ಕಾರಣಕ್ಕೂ ಚೆಕ್-ಇನ್ ಸೂಟ್‌ಕೇಸಿಗೆ ಹೋಗಬಾರದು. ಸರಕಿನ ಕೋಣೆಯಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಇದೆ, ಸೂಟ್‌ಕೇಸು ಕಳೆದುಹೋಗುವ ಸಾಧ್ಯತೆ ಅದಕ್ಕಿಂತ ಹೆಚ್ಚು. ಸೂಟ್‌ಕೇಸು ಎರಡು ದಿನ ತಡವಾಗಿ ಬಂದರೆ ಹೋಟೆಲ್‌ಗಾದರೂ ತಲುಪಿಸುತ್ತಾರೆ. ಹೊರಟುಹೋದ ಹಡಗಿಗೆ ಮುಂದಿನ ಬಂದರಿನವರೆಗೆ ತಲುಪಿಸಲಾಗುವುದಿಲ್ಲ. ಭದ್ರತಾ ತಪಾಸಣೆಯ ಎಕ್ಸ್-ರೇ ಯಂತ್ರದಲ್ಲಿ ಇನ್ಸುಲಿನ್ ಹಾದುಹೋದರೆ ತೊಂದರೆಯಿಲ್ಲ. ಪಂಪ್ ಮತ್ತು ಸೆನ್ಸರ್‌ಗಳ ಮಾತು ಬೇರೆ: ಕೆಲವು ತಯಾರಕರು ಎಕ್ಸ್-ರೇಗೂ ಇಡೀ ದೇಹದ ಸ್ಕ್ಯಾನರ್‌ಗೂ ಒಡ್ಡಬೇಡಿ ಎನ್ನುತ್ತಾರೆ. ನಿಮ್ಮ ಸಾಧನದ ಕೈಪಿಡಿ ನೋಡಿ, ಬೇಡ ಎಂದಿದ್ದರೆ ಕೈಯಿಂದ ತಪಾಸಣೆ ಮಾಡಿ ಎಂದು ಕೇಳಿ. ನಿಮ್ಮ ಬಾಕ್ಸ್‌ಗಳ ಮೇಲಿನ ಔಷಧದಂಗಡಿಯ ಚೀಟಿ ಕೀಳಬೇಡಿ. ವೈದ್ಯರ ಪತ್ರದಲ್ಲಿ ಬ್ರ್ಯಾಂಡ್ ಹೆಸರಿನ ಜೊತೆಗೆ ಔಷಧದ ಮೂಲ ಹೆಸರು, ಮಿಲಿಲೀಟರಿಗೆ ಎಷ್ಟು ಯೂನಿಟ್, ದಿನದ ಪ್ರಮಾಣ, ಸೂಜಿಗಳ ಅಗತ್ಯ ಎಲ್ಲವೂ ಇರಲಿ. ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಮೂಲ ಹೆಸರನ್ನು ಎಲ್ಲ ಕಡೆಯ ವೈದ್ಯರೂ ಗುರುತಿಸುತ್ತಾರೆ.

ಟಿಕೆಟ್ ಕಾಯ್ದಿರಿಸಿದ ಕೂಡಲೇ, ಕಡಿಮೆಯೆಂದರೂ ಒಂದು ತಿಂಗಳು ಮೊದಲು, ಹಡಗು ಕಂಪನಿಯ ವಿಶೇಷ ಅಗತ್ಯಗಳ ವಿಭಾಗಕ್ಕೆ ಬರೆಯಿರಿ. ಕೇಳಬೇಕಾದದ್ದು ಇಷ್ಟು: ಔಷಧಕ್ಕೆ ತಕ್ಕ ಸಣ್ಣ ಫ್ರಿಜ್ ಕೊಡುತ್ತೀರಾ, ಬಳಸಿದ ಸೂಜಿ ಹಾಕುವ ಡಬ್ಬಿ ಕೊಡುತ್ತೀರಾ, ಹಡಗಿನ ವೈದ್ಯಕೀಯ ಕೇಂದ್ರದಲ್ಲಿ ನನ್ನ ಹೆಚ್ಚುವರಿ ಇನ್ಸುಲಿನ್ ಇಡಬಹುದೇ. ದೊಡ್ಡ ಕಂಪನಿಗಳು ಹೆಚ್ಚಾಗಿ ಮೊದಲೆರಡಕ್ಕೆ ಒಪ್ಪುತ್ತವೆ. ಉತ್ತರವನ್ನು ಬರಹದಲ್ಲೇ ಪಡೆದು ಮುದ್ರಿಸಿಕೊಳ್ಳಿ. ಹಡಗು ಹತ್ತಿದ ದಿನ ಕ್ಯಾಬಿನ್ ನೋಡಿಕೊಳ್ಳುವ ಸಿಬ್ಬಂದಿಗೆ ತೋರಿಸಲು ಅದು ಬೇಕಾಗುತ್ತದೆ. ಪ್ರಯಾಣ ವಿಮೆ ಮಾಡಿಸುವಾಗ ಮಧುಮೇಹ ಇದೆ ಎಂದು ಹೇಳಿಯೇ ಮಾಡಿಸಿ. ಮುಚ್ಚಿಟ್ಟರೆ ಬೇಕಾದ ಹೊತ್ತಿಗೆ ಆ ವಿಮೆ ಕೆಲಸಕ್ಕೆ ಬರುವುದಿಲ್ಲ.

ಹಡಗು ಹತ್ತುವ ದಿನಕ್ಕೆ ಬರೋಣ. ಬಂದರಿನ ಬಾಗಿಲಲ್ಲೇ ಪೋರ್ಟರ್‌ಗಳು ದೊಡ್ಡ ಸೂಟ್‌ಕೇಸು ತೆಗೆದುಕೊಂಡುಬಿಡುತ್ತಾರೆ. ಅದು ನಿಮ್ಮ ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಯಾಗಬಹುದು, ರಾತ್ರಿ ಊಟ ಮುಗಿದ ಮೇಲೂ ಆಗಬಹುದು. ಅಷ್ಟು ಹೊತ್ತು ಅದು ಬಂದರಿನ ಕಟ್ಟೆಯ ಮೇಲೆ ಟ್ರಾಲಿಯಲ್ಲಿ ಬಿಸಿಲಿಗೆ ನಿಂತಿರಬಹುದು. ನೀವೂ ಸಾಲಿನಲ್ಲಿ ಒಂದೆರಡು ಗಂಟೆ ನಿಲ್ಲಬೇಕಾಗಬಹುದು, ಮಧ್ಯಾಹ್ನದ ಊಟ ತಡವಾಗಬಹುದು. ಆದ್ದರಿಂದ ಆ ದಿನದ ಕೈಚೀಲದಲ್ಲಿ ಇನ್ಸುಲಿನ್, ಮೀಟರ್, ಗ್ಲೂಕೋಸ್ ಮಾತ್ರೆ, ಒಂದು ಹೊತ್ತಿನ ಪುಟ್ಟ ತಿಂಡಿ, ನೀರು ಇರಲೇಬೇಕು.

ಕ್ಯಾಬಿನ್ ಒಳಗೆ ಹೋದ ಮೇಲೆ ಫ್ರಿಜ್ ಎಂದು ಕಾಣುವ ಪೆಟ್ಟಿಗೆಯನ್ನು ನಂಬಬೇಡಿ, ಪರೀಕ್ಷಿಸಿ. ಅದು ಹೆಚ್ಚಾಗಿ ಮಿನಿಬಾರ್: ಪಾನೀಯ ತಂಪಾಗಿಡಲು ಮಾಡಿದ್ದು. ಕಂಪ್ರೆಸರ್ ಇಲ್ಲದ ಇಂಥವು ಕೋಣೆಯ ಉಷ್ಣಾಂಶಕ್ಕಿಂತ ಇಷ್ಟು ಕಡಿಮೆ ಎಂದು ತಣ್ಣಗಾಗುತ್ತವೆಯೇ ಹೊರತು 2ರಿಂದ 8ರ ನಡುವೆ ನಿಲ್ಲಲೇಬೇಕೆಂದಿಲ್ಲ. ಒಳಗೆ 12, 14 ಡಿಗ್ರಿ ಇದ್ದರೆ ಅಚ್ಚರಿಪಡಬೇಡಿ. ಅದೇ ಕಂಪ್ರೆಸರ್ ಇರುವ ಪುಟ್ಟ ಫ್ರಿಜ್ ಆದರೆ ಹಿಂಬದಿಯ ತಗಡಿನ ಹತ್ತಿರ, ಮೇಲಿನ ಮಂಜಿನ ಗೂಡಿನ ಕೆಳಗೆ ಸೊನ್ನೆಗಿಂತ ಕೆಳಗೆ ಹೋಗಿರಬಹುದು. ಎರಡನ್ನೂ ತಿಳಿಯುವ ದಾರಿ ಒಂದೇ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣಾಂಶ ದಾಖಲಿಸುವ ಸಣ್ಣ ಡಿಜಿಟಲ್ ಥರ್ಮಾಮೀಟರ್. ಅದೊಂದನ್ನು ಜೊತೆಗೆ ಒಯ್ಯಿರಿ. ಇನ್ಸುಲಿನ್ ಇಡುವ ಮೊದಲು ಅದನ್ನು ಇಟ್ಟು, ಒಂದು ರಾತ್ರಿ ಬಿಟ್ಟು ನೋಡಿ. ಆ ರಾತ್ರಿ ನಿಮ್ಮ ಇನ್ಸುಲಿನ್ ಎ.ಸಿ. ಕೋಣೆಯ ಕಪಾಟಿನಲ್ಲಿರಲಿ, ಏನೂ ಆಗುವುದಿಲ್ಲ. ಬೆಳಿಗ್ಗೆ ಕನಿಷ್ಠ ಅಂಕಿ 2ಕ್ಕಿಂತ ಕೆಳಗಿದ್ದರೆ ಗುಂಡಿ ತಿರುಗಿಸಿ ತಂಪು ಕಡಿಮೆ ಮಾಡಿ, ಮತ್ತೆ ನೋಡಿ. 14 ಡಿಗ್ರಿ ಎಂದು ತೋರಿಸಿದರೆ ಅದು ಬೇಡದ ಫ್ರಿಜ್ ಏನಲ್ಲ. ಆದರೆ ಅದರಲ್ಲಿಟ್ಟ ಪೆನ್ನುಗಳನ್ನು “ಹೊರಗಿಟ್ಟವು” ಎಂದೇ ಎಣಿಸಿ, 28 ದಿನದ ಲೆಕ್ಕ ಅಂದಿನಿಂದಲೇ ಶುರು.

ಮಿನಿಬಾರ್‌ನಲ್ಲಿ ಬಾಟಲಿ ತುಂಬಿದ್ದರೆ ಖಾಲಿ ಮಾಡಿಕೊಡಲು ಸಿಬ್ಬಂದಿಗೆ ಹೇಳಿ. ಜಾಗವಿಲ್ಲದೆ ಪೆನ್ನುಗಳನ್ನು ಹಿಂದಕ್ಕೆ ತಳ್ಳುವುದರಿಂದಲೇ ಅವು ತಗಡಿಗೆ ತಾಗುವುದು. ಪೆನ್ನುಗಳನ್ನು ಅವುಗಳ ಪೆಟ್ಟಿಗೆಯಲ್ಲೇ ಇಟ್ಟು, ಆ ಪೆಟ್ಟಿಗೆಯನ್ನು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಬಾಗಿಲ ಬದಿಗೆ ಇಡಿ. ಕ್ಯಾಬಿನ್ ಗೋಡೆಯಲ್ಲಿ ಕೀ-ಕಾರ್ಡ್ ಸಿಕ್ಕಿಸಿದರೆ ಮಾತ್ರ ವಿದ್ಯುತ್ ಬರುವ ವ್ಯವಸ್ಥೆ ಇದ್ದರೆ, ಕಾರ್ಡ್ ತೆಗೆದು ಹೊರಗೆ ಹೋದಾಗ ಫ್ರಿಜ್ಜೂ ಆರುತ್ತದೆಯೇ ಎಂದು ಮೊದಲ ದಿನವೇ ಕೇಳಿ. ದಿನವಿಡೀ ಹೊರಗಿದ್ದು ಬಂದಾಗ ಥರ್ಮಾಮೀಟರ್‌ನ ಗರಿಷ್ಠ ಅಂಕಿಯೂ ಅದನ್ನು ಹೇಳಿಬಿಡುತ್ತದೆ.

ಫ್ರಿಜ್ ಇಲ್ಲದಿದ್ದರೆ? ಐಸ್ ಬಕೆಟ್‌ನಲ್ಲಿ ಪೆನ್ ಮುಳುಗಿಸುವುದು ಬೇಡ. ಐಸ್‌ಗೂ ಜೆಲ್ ಪ್ಯಾಕ್‌ಗೂ ಪೆನ್ ನೇರವಾಗಿ ತಾಗಬಾರದು, ನಡುವೆ ಟವೆಲ್ಲಿನ ಎರಡು ಮಡಿಕೆಯಾದರೂ ಇರಬೇಕು. ನೀರಿನಲ್ಲಿ ನೆನೆಸಿ ಬಳಸುವ ತಂಪು ಚೀಲಗಳಿವೆ. ಒಳಗಿನ ಹರಳುಗಳು ನೀರು ಹೀರಿ ಉಬ್ಬಿ, ಆ ನೀರು ಆರುತ್ತಾ ಆರುತ್ತಾ ಒಳಗಿನದನ್ನು ತಂಪಾಗಿಡುತ್ತದೆ. ನಮ್ಮ ಮಣ್ಣಿನ ಹೂಜಿಯ ತತ್ವವೇ. ಇವು ಫ್ರಿಜ್ಜಿನಷ್ಟು ತಣ್ಣಗೆ ಮಾಡುವುದಿಲ್ಲ, ಬಿಸಿಲಿನ ಅತಿಯನ್ನು ತಡೆಯುತ್ತವೆ. ಆದರೆ ನೀರು ಆರಲು ಗಾಳಿ ಬೇಕು, ಗಾಳಿ ಒಣದಾಗಿರಬೇಕು. ತೇವ ತುಂಬಿದ ಉಷ್ಣವಲಯದ ಬಂದರಿನಲ್ಲಿ ಇವುಗಳ ಕೆಲಸ ಅರ್ಧಂಬರ್ಧ. ಬ್ಯಾಗಿನ ತಳಕ್ಕೆ ತುರುಕಿದರೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದರೆ ಕೆಲಸವೇ ಇಲ್ಲ.

ವಿದ್ಯುತ್ ವಿಷಯ ಬೇಗ ಮುಗಿಸುತ್ತೇನೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್‌ಗಳನ್ನು ಹೆಚ್ಚಿನ ಹಡಗುಗಳು ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತವೆ. ಹಡಗಿನ ವಿದ್ಯುತ್ ಜಾಲದ ರಚನೆ ನೆಲದ ಮೇಲಿನ ಮನೆಯದರಂತಲ್ಲ, ಅಲ್ಲಿ ಅವು ಬೆಂಕಿಗೆ ಕಾರಣವಾಗಬಹುದು. ಯುಎಸ್‌ಬಿ ಚಾರ್ಜರ್ ಸಾಕು. ಪ್ಲಗ್ ಹಾಕುವ ಇನ್ಸುಲಿನ್ ಕೂಲರ್ ತರುವುದಾದರೆ ಮೊದಲೇ ಅನುಮತಿ ಪಡೆಯಿರಿ.

ಫೋನ್‌ಗೆ ಸೆನ್ಸರ್ ಜೋಡಿಸಿಕೊಂಡವರು ಗಮನಿಸಿ. ಸಮುದ್ರದ ನಡುವೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಬ್ಲೂಟೂತ್ ಮಾತ್ರ ಮತ್ತೆ ಹಚ್ಚಿ. ಸೆನ್ಸರ್‌ನಿಂದ ಫೋನಿಗೆ ಅಂಕಿ ಬರಲು ಇಂಟರ್‌ನೆಟ್ ಬೇಡ. ಹೀಗೆ ಮಾಡದಿದ್ದರೆ ಹಡಗಿನ ಉಪಗ್ರಹ ಜಾಲಕ್ಕೆ ಫೋನ್ ತಾನಾಗಿ ಸೇರಿಕೊಂಡು ದೊಡ್ಡ ರೋಮಿಂಗ್ ಬಿಲ್ ಬರುತ್ತದೆ. ಮನೆಯವರು ದೂರದಿಂದ ನಿಮ್ಮ ಶುಗರ್ ನೋಡುತ್ತಿರುವ ವ್ಯವಸ್ಥೆ ಮಾತ್ರ ಇಂಟರ್‌ನೆಟ್ ಇಲ್ಲದೆ ನಿಂತುಹೋಗುತ್ತದೆ. ಅದನ್ನು ಅವರಿಗೆ ಮೊದಲೇ ಹೇಳಿ, ಇಲ್ಲವಾದರೆ ಗಾಬರಿಯಾಗುತ್ತಾರೆ. ಹಡಗಿನ ಬಿಸಿನೀರಿನ ತೊಟ್ಟಿ, ಸೌನಾ ಇವುಗಳಿಗೆ ಪಂಪ್ ಹಾಕಿಕೊಂಡು ಇಳಿಯಬೇಡಿ. ಪಂಪ್‌ನೊಳಗಿನ ಇನ್ಸುಲಿನ್ ಕಾಯುತ್ತದೆ. ಚುಚ್ಚಿದ ಇನ್ಸುಲಿನ್ ಕೂಡ ಚರ್ಮ ಬಿಸಿಯಾದಾಗ ಬೇಗ ರಕ್ತಕ್ಕೆ ಸೇರುತ್ತದೆ, ಹಾಗಾಗಿ ಪೆನ್ ಬಳಸುವವರಿಗೂ ಊಟದ ಇನ್ಸುಲಿನ್ ಆದ ಕೂಡಲೇ ಬಿಸಿನೀರಿನಲ್ಲಿ ಕೂತರೆ ಲೋ ಆಗಬಹುದು, ಅಂದರೆ ಶುಗರ್ ತೀರಾ ಇಳಿಯಬಹುದು. ಈಜುವಾಗ ಟ್ಯೂಬ್ ಪಂಪ್ ಬಿಚ್ಚಿಟ್ಟರೆ ಒಂದು ಗಂಟೆಯೊಳಗೆ ಮತ್ತೆ ಜೋಡಿಸಿಕೊಳ್ಳಿ, ಬಿಚ್ಚಿದ್ದನ್ನು ಬಿಸಿಲಿನ ಕುರ್ಚಿಯ ಮೇಲಿಡಬೇಡಿ.

ಗಡಿಯಾರದ ವಿಷಯದಲ್ಲಿ ಹಡಗು ವಿಮಾನಕ್ಕಿಂತ ಎಷ್ಟೋ ಮೃದು. ಒಂದೇ ಏಟಿಗೆ ಎಂಟು ಗಂಟೆ ಬದಲಾಗುವುದಿಲ್ಲ; ಸಾಮಾನ್ಯವಾಗಿ ರಾತ್ರಿ ಒಂದು ಗಂಟೆ ಹಿಂದಕ್ಕೋ ಮುಂದಕ್ಕೋ. ಪಶ್ಚಿಮಕ್ಕೆ ಹೋಗುವಾಗ ಆ ದಿನಕ್ಕೆ 25 ಗಂಟೆ, ಪೂರ್ವಕ್ಕೆ ಹೋಗುವಾಗ 23. ದಿನಕ್ಕೊಮ್ಮೆ ದೀರ್ಘಾವಧಿ ಇನ್ಸುಲಿನ್ ತೆಗೆದುಕೊಳ್ಳುವವರು ಈ ಒಂದು ಗಂಟೆಗೆ ಪ್ರಮಾಣ ಬದಲಿಸಬೇಕಿಲ್ಲ, ಹಡಗಿನ ಹೊಸ ಗಂಟೆಗೆ ಅದೇ ಸಮಯಕ್ಕೆ ತೆಗೆದುಕೊಂಡರೆ ಸಾಕು. ಪಂಪ್‌ನ ಗಡಿಯಾರ ತಾನಾಗಿ ಬದಲಾಗುವುದಿಲ್ಲ, ನೀವೇ ತಿದ್ದಬೇಕು. ಫೋನ್ ಇದಕ್ಕೆ ತದ್ವಿರುದ್ಧ: ದಡದ ಸಿಗ್ನಲ್ ಸಿಕ್ಕರೆ ತಾನೇ ಬದಲಾಗಿಬಿಡುತ್ತದೆ, ಹಡಗಿನ ಗಂಟೆಗೂ ಅದಕ್ಕೂ ತಾಳೆಯಾಗುವುದಿಲ್ಲ. ಫೋನಿನ ಸ್ವಯಂಚಾಲಿತ ಸಮಯವನ್ನು ಆಫ್ ಮಾಡಿ, ಹಡಗಿನ ಸಮಯವನ್ನು ಕೈಯಲ್ಲೇ ಹೊಂದಿಸಿ.

ಊಟದ ಬಗ್ಗೆ ಎಲ್ಲರೂ ಬಫೆಗೆ ಹೆದರುತ್ತಾರೆ. ನನಗನಿಸುವಂತೆ ಬಫೆಯಲ್ಲಿ ಒಂದು ಅನುಕೂಲವಿದೆ: ತಟ್ಟೆಗೆ ಏನು ಬಂತು ಎಂಬುದು ತಿನ್ನುವ ಮೊದಲೇ ಕಣ್ಣಿಗೆ ಕಾಣುತ್ತದೆ. ಮೊದಲು ಕೈಯಲ್ಲಿ ತಟ್ಟೆಯಿಲ್ಲದೆ ಒಂದು ಸುತ್ತು ಹಾಕಿ, ಏನೇನಿದೆ ನೋಡಿ, ಆಮೇಲೆ ಬಡಿಸಿಕೊಂಡು, ಕಾರ್ಬೋಹೈಡ್ರೇಟ್ ಅಂದಾಜು ಮಾಡಿ, ಇನ್ಸುಲಿನ್ ತೆಗೆದುಕೊಳ್ಳಿ. ತೊಂದರೆ ಕೊಡುವುದು ಕುಳಿತು ಉಣ್ಣುವ ರಾತ್ರಿಯ ಊಟ. ಎಂಟು ಗಂಟೆಯ ನಂತರದ ಸರದಿಯಾದರೆ ಮುಖ್ಯ ಭಕ್ಷ್ಯ ಮೇಜಿಗೆ ಬರುವಾಗ ಒಂಬತ್ತು ದಾಟಿರುತ್ತದೆ. ಕ್ಯಾಬಿನ್‌ನಲ್ಲೇ ಚುಚ್ಚಿಕೊಂಡು ಹೊರಟರೆ ಲಿಫ್ಟಿನ ಸಾಲಿನಲ್ಲೇ ಲೋ ಆಗಬಹುದು. ಬೇಗ ಕೆಲಸ ಮಾಡುವ ಇನ್ಸುಲಿನ್ ಅನ್ನು ಮೇಜಿನ ಮೇಲೆ ಊಟ ಕಂಡ ಮೇಲೆ ತೆಗೆದುಕೊಳ್ಳಿ. ಸಾಧ್ಯವಿದ್ದರೆ ಬೇಗನೆಯ ಸರದಿಯನ್ನೇ ಆರಿಸಿಕೊಳ್ಳಿ. ಮದ್ಯ ಕುಡಿಯುವವರು ಒಂದು ತಿಳಿದಿರಬೇಕು: ಕಾಕ್‌ಟೇಲ್‌ನ ಸಕ್ಕರೆ ಮೊದಲು ಶುಗರ್ ಏರಿಸುತ್ತದೆ, ಅದಕ್ಕೆ ನೀವು ಇನ್ಸುಲಿನ್ ಸೇರಿಸುತ್ತೀರಿ. ಇತ್ತ ಪಿತ್ತಜನಕಾಂಗ ಮದ್ಯವನ್ನು ಸಂಸ್ಕರಿಸುವುದರಲ್ಲೇ ತೊಡಗಿ ಹೊಸ ಗ್ಲೂಕೋಸ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ. ಬೆಳಗಿನ ಜಾವ ಶುಗರ್ ಕುಸಿಯುವುದು ಹೀಗೆ. ಖಾಲಿ ಹೊಟ್ಟೆಯಲ್ಲಿ ಕುಡಿಯಬೇಡಿ, ಮಲಗುವ ಮೊದಲು ಪರೀಕ್ಷಿಸಿ.

ಈಗ ಸಮುದ್ರದ ಪಿತ್ತ, ಅಂದರೆ ಅಲೆಯ ಓಲಾಟಕ್ಕೆ ಬರುವ ವಾಕರಿಕೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹಡಗಿನಲ್ಲಿ ನಿಜವಾದ ಕಷ್ಟ ಬಂದರೆ ಹೆಚ್ಚಾಗಿ ಈ ದಾರಿಯಲ್ಲೇ ಬರುವುದು. ತಲೆಸುತ್ತು, ತಣ್ಣನೆ ಬೆವರು, ಹೊಟ್ಟೆ ತೊಳೆಸುವುದು, ಸುಸ್ತು. ಇವು ಅಲೆಯಿಂದಲೂ ಬರುತ್ತವೆ, ಶುಗರ್ ಲೋ ಆದರೂ ಬರುತ್ತವೆ. ಪಕ್ಕದವರು “ಅಲೆ ಜೋರಾಗಿದೆ, ಸ್ವಲ್ಪ ಮಲಗಿಕೊಳ್ಳಿ” ಎನ್ನುತ್ತಾರೆ, ನೀವು ಮಲಗುತ್ತೀರಿ. ಮಲಗುವ ಮುನ್ನ ಬೆರಳು ಚುಚ್ಚಿ ನೋಡಿ. ಡೆಸಿಲೀಟರಿಗೆ 70 ಮಿ.ಗ್ರಾಂಗಿಂತ ಕೆಳಗಿದ್ದರೆ 15 ಗ್ರಾಂ ಸಕ್ಕರೆ: ತಲಾ 4 ಗ್ರಾಂನ ಗ್ಲೂಕೋಸ್ ಮಾತ್ರೆ ನಾಲ್ಕು, ಅಥವಾ ಡಯಟ್ ಅಲ್ಲದ ಕೋಲಾ ಸುಮಾರು 150 ಮಿಲಿಲೀಟರ್. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ.

ಊಟದ ಇನ್ಸುಲಿನ್ ಚುಚ್ಚಿ ಆಗಿದೆ, ಉಂಡದ್ದು ವಾಂತಿಯಾಗಿ ಹೋಯಿತು. ಈಗ ಇನ್ಸುಲಿನ್ ಒಳಗಿದೆ, ಊಟ ಇಲ್ಲ. ಹೀಗಾದರೆ 15ರಿಂದ 30 ನಿಮಿಷಕ್ಕೊಮ್ಮೆ ಶುಗರ್ ನೋಡಿ, ಸಕ್ಕರೆ ಇರುವ ಪಾನೀಯವನ್ನು ಗುಟುಕು ಗುಟುಕಾಗಿ ಕುಡಿಯಿರಿ. ಅದೂ ನಿಲ್ಲದಿದ್ದರೆ ಕಾಯಬೇಡಿ, ವೈದ್ಯಕೀಯ ಕೇಂದ್ರಕ್ಕೆ ಕರೆ ಮಾಡಿ, ರಕ್ತನಾಳದ ಮೂಲಕ ಗ್ಲೂಕೋಸ್ ಕೊಡಬೇಕಾಗಬಹುದು. ಮೂಗಿನ ಮೂಲಕ ಕೊಡುವ ಅಥವಾ ಚುಚ್ಚುವ ಗ್ಲುಕಗಾನ್ (ಲೋ ಆದವರ ಶುಗರ್ ಏರಿಸುವ ತುರ್ತು ಔಷಧ) ನಿಮ್ಮ ಬಳಿ ಇದ್ದರೆ ಅದು ಎಲ್ಲಿದೆ, ಹೇಗೆ ಬಳಸುವುದು ಎಂಬುದು ಜೊತೆಯವರಿಗೆ ಮೊದಲ ದಿನವೇ ಗೊತ್ತಿರಲಿ. ಅಲೆ ಜೋರಾಗಿರುವ ದಿನ ಊಟದ ಇನ್ಸುಲಿನ್ ಅನ್ನು ಉಂಡ ಕೂಡಲೇ, ಉಂಡಷ್ಟಕ್ಕೆ ಮಾತ್ರ ತೆಗೆದುಕೊಳ್ಳಬಹುದೇ ಎಂದು ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಲಿಸ್‌ಪ್ರೊದಂಥವನ್ನು ಹಾಗೆ ಬಳಸುವುದಕ್ಕೆ ಅವಕಾಶವಿದೆ.

ಇದಕ್ಕೆ ಎದುರಾದ ತಪ್ಪೂ ಅಷ್ಟೇ ಕೆಟ್ಟದ್ದು. “ಏನೂ ತಿಂದಿಲ್ಲ, ಇವತ್ತು ಇನ್ಸುಲಿನ್ ಬೇಡ” ಎಂದು ದೀರ್ಘಾವಧಿ ಇನ್ಸುಲಿನ್ ಬಿಡುವುದು. ಟೈಪ್ 1 ಇರುವವರು ಅದನ್ನು ಯಾವತ್ತೂ ಬಿಡುವಂತಿಲ್ಲ. ಬಿಟ್ಟರೆ ಕೀಟೋನ್ (ಇನ್ಸುಲಿನ್ ಸಾಲದಾಗ ದೇಹ ಕೊಬ್ಬು ಕರಗಿಸಿ ಮಾಡುವ ಆಮ್ಲ) ಏರುತ್ತದೆ, ಕೀಟೋನ್ ಏರಿದರೆ ಮತ್ತೆ ವಾಂತಿ, ಆ ವಾಂತಿಯನ್ನೂ ಅಲೆಯ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ರಕ್ತದ ಕೀಟೋನ್ ಸ್ಟ್ರಿಪ್ ಒಯ್ಯಿರಿ. ಲೀಟರಿಗೆ 0.6 ಮಿಲಿಮೋಲ್‌ಗಿಂತ ಕೆಳಗಿದ್ದರೆ ಚಿಂತೆಯಿಲ್ಲ. 0.6ರಿಂದ 1.5ರೊಳಗಿದ್ದರೆ ಎರಡು ಗಂಟೆ ಬಿಟ್ಟು ಮತ್ತೆ ನೋಡಿ. 1.5 ದಾಟಿದರೆ ಹಡಗಿನ ವೈದ್ಯರಿಗೆ ತಿಳಿಸಿ. 3 ದಾಟಿದರೆ ತುರ್ತು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು ವಾಂತಿ ಶುರುವಾದರೆ ಅವನ್ನು ನಿಲ್ಲಿಸಬೇಕು. ಅವುಗಳ ಜೊತೆ ಶುಗರ್ ತೀರಾ ಏರದೆಯೇ ಕೀಟೋನ್ ಅಪಾಯದ ಮಟ್ಟಕ್ಕೆ ಹೋಗಬಹುದು, ಮೀಟರ್ ನೋಡಿ ಸಮಾಧಾನಪಟ್ಟರೆ ಮೋಸ ಹೋಗುತ್ತೀರಿ. ನಿಲ್ಲದ ವಾಂತಿಭೇದಿಯಲ್ಲಿ ಮೆಟ್‌ಫಾರ್ಮಿನ್ ಕೂಡ ತಾತ್ಕಾಲಿಕವಾಗಿ ನಿಲ್ಲಿಸುವಂಥದ್ದೇ. ಗ್ಲಿಮೆಪಿರೈಡ್ ತೆಗೆದುಕೊಂಡು ಊಟ ಬಿಟ್ಟರೆ ಲೋ ಆಗುತ್ತದೆ. ಇವನ್ನೆಲ್ಲ ಅಲೆಯಲ್ಲಿ ತೂರಾಡುತ್ತಾ ಯೋಚಿಸುವುದಕ್ಕಾಗುವುದಿಲ್ಲ, ಆದ್ದರಿಂದ ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂದು ನಿಮ್ಮ ವೈದ್ಯರಿಂದ ಒಂದು ಹಾಳೆಯಲ್ಲಿ ಬರೆಸಿಕೊಂಡು ಹೋಗಿ.

ವಾಕರಿಕೆ ತಡೆಯುವ ಔಷಧಗಳೂ ಲೆಕ್ಕಕ್ಕೆ ಬರುತ್ತವೆ. ಕಿವಿಯ ಹಿಂದೆ ಅಂಟಿಸುವ ಸ್ಕೊಪೋಲಮೈನ್ ಪಟ್ಟಿ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಮಧುಮೇಹದಿಂದ ಮೊದಲೇ ಜಠರ ನಿಧಾನವಾಗಿರುವವರಿಗೆ, ಕೆಲವು ಬಗೆಯ ಗ್ಲಾಕೋಮ ಇರುವವರಿಗೆ ಅದು ಒಗ್ಗುವುದಿಲ್ಲ. ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್ ಮಾತ್ರೆಗಳು ನಿದ್ದೆ ತರಿಸುತ್ತವೆ. ನಿದ್ದೆಯಲ್ಲಿ ಲೋ ಆದದ್ದು ಗೊತ್ತಾಗುವುದಿಲ್ಲ, ಸೆನ್ಸರ್ ಇದ್ದರೆ ಅಲಾರಂ ಜೋರು ಮಾಡಿಕೊಳ್ಳಿ. ಔಷಧವೇ ಬೇಡದಂತೆ ಮಾಡುವ ಒಂದು ಉಪಾಯವಿದೆ: ಹಡಗಿನ ಉದ್ದಕ್ಕೆ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಕ್ಯಾಬಿನ್ ಕೇಳುವುದು. ಅಲ್ಲಿ ಓಲಾಟ ಕಡಿಮೆ.

ಹಡಗುಗಳಲ್ಲಿ ಹರಡುವ, ವಾಂತಿಭೇದಿ ತರುವ ನೊರೊವೈರಸ್ ಬಗ್ಗೆ ಇಷ್ಟೇ: ಬಾಗಿಲಲ್ಲಿಟ್ಟ ಸ್ಯಾನಿಟೈಸರ್ ಅದಕ್ಕೆ ಸಾಲದು, ಸೋಪು ಹಾಕಿ ನೀರಿನಲ್ಲಿ ಕೈ ತೊಳೆಯಿರಿ. ಬೆರಳು ಚುಚ್ಚುವ ಮೊದಲೂ ತೊಳೆಯಿರಿ. ಹಣ್ಣು ಕತ್ತರಿಸಿದ ಕೈಯಲ್ಲಿ ಉಳಿದ ರಸ ಮೀಟರ್‌ನಲ್ಲಿ ಇಲ್ಲದ ಶುಗರ್ ತೋರಿಸುತ್ತದೆ, ಅದನ್ನು ನಂಬಿ ಇನ್ಸುಲಿನ್ ತೆಗೆದುಕೊಂಡರೆ ಆಗುವುದು ನಿಮಗೇ ಗೊತ್ತು. ಹಡಗಿನ ವೈದ್ಯಕೀಯ ಕೇಂದ್ರದಲ್ಲಿ ವೈದ್ಯರು, ದಾದಿಯರು ಇರುತ್ತಾರೆ, ತುರ್ತಿಗೆ ಯಾವ ಹೊತ್ತಿಗೂ ಬರುತ್ತಾರೆ. ಆದರೆ ಅದು ಔಷಧದಂಗಡಿಯಲ್ಲ. ನಿಮ್ಮ ಇನ್ಸುಲಿನ್, ನಿಮ್ಮ ಪೆನ್ನಿಗೆ ಸರಿಹೋಗುವ ಕಾರ್ಟ್ರಿಜ್, ನಿಮ್ಮ ಮೀಟರ್‌ನ ಸ್ಟ್ರಿಪ್ ಅಲ್ಲಿ ಸಿಗುತ್ತದೆಂದು ನೆಚ್ಚಬೇಡಿ.

ಬಂದರಿನಲ್ಲಿ ಇಳಿಯುವ ದಿನಗಳು ಹಡಗಿನ ದಿನಗಳಿಗಿಂತ ಪೂರ್ತಿ ಬೇರೆ. ಸಮುದ್ರದ ಮೇಲೆ ಕೂತು ತಿನ್ನುವ ಎರಡು ದಿನ ಶುಗರ್ ಏರಿರುತ್ತದೆ, ನೀವು ಇನ್ಸುಲಿನ್ ಸ್ವಲ್ಪ ಹೆಚ್ಚಿಸಿರುತ್ತೀರಿ. ಮೂರನೇ ದಿನ ಐದಾರು ಗಂಟೆ ಬಿಸಿಲಲ್ಲಿ ನಡೆಯುತ್ತೀರಿ. ಅದೇ ಪ್ರಮಾಣ ಉಳಿಸಿಕೊಂಡರೆ ಲೋ ಖಂಡಿತ. ಅದೂ ನಡೆಯುವಾಗಲೇ ಆಗಬೇಕೆಂದಿಲ್ಲ. ಸ್ನಾಯುಗಳು ಖಾಲಿಯಾದ ಗ್ಲೈಕೋಜನ್ ತುಂಬಿಕೊಳ್ಳುತ್ತಾ ಹೋಗುವುದರಿಂದ ಆ ರಾತ್ರಿಯೂ ಕುಸಿಯಬಹುದು. ಹಡಗಿನಿಂದ ಹಣ್ಣು, ಸ್ಯಾಂಡ್‌ವಿಚ್ ದಡಕ್ಕೆ ಒಯ್ಯಲು ಹಲವು ದೇಶಗಳು ಬಿಡುವುದಿಲ್ಲ, ಹಾಗಾಗಿ ಲೋಗೆಂದು ಇಟ್ಟುಕೊಳ್ಳುವುದು ಪೊಟ್ಟಣದ ಗ್ಲೂಕೋಸ್ ಮಾತ್ರೆ ಮತ್ತು ಮೊಹರಾದ ಬಿಸ್ಕತ್ತು.

ಇನ್ಸುಲಿನ್ ಇರುವ ಬ್ಯಾಗ್ ನಿಮ್ಮ ಮೈಮೇಲೇ ಇರಲಿ. ಬಾಗಿಲು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ವಾಹನದೊಳಗಿನ ಉಷ್ಣಾಂಶ ಒಂದೇ ಗಂಟೆಯಲ್ಲಿ ಇನ್ಸುಲಿನ್ ತಾಳುವ ಮಿತಿಯನ್ನು ದಾಟಿ ಎಲ್ಲಿಗೋ ಹೋಗುತ್ತದೆ. ಪೆನ್ನಿಗೆ ಸೂಜಿ ಸಿಕ್ಕಿಸಿಟ್ಟು ಒಯ್ಯಬೇಡಿ. ಬಿಸಿಗೆ ದ್ರವ ಹಿಗ್ಗಿ ಸೂಜಿಯಿಂದ ಸೋರುತ್ತದೆ, ತಂಪಿಗೆ ಬಂದಾಗ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ, ಆ ಗಾಳಿಯಿಂದ ಮುಂದಿನ ಡೋಸ್ ಕಡಿಮೆಯಾಗುತ್ತದೆ. ನಾಲ್ಕು ಗಂಟೆಯ ಸುತ್ತಾಟಕ್ಕೂ ಒಂದೂವರೆ ದಿನಕ್ಕಾಗುವಷ್ಟು ಸಾಮಾನು ಒಯ್ಯಿರಿ, ರಾತ್ರಿಯ ದೀರ್ಘಾವಧಿ ಇನ್ಸುಲಿನ್ ಸಹಿತ. ನೀವೇ ಗೊತ್ತುಮಾಡಿಕೊಂಡ ವಾಹನ ದಾರಿಯಲ್ಲಿ ಕೆಟ್ಟರೆ ಹಡಗು ನಿಮಗಾಗಿ ನಿಲ್ಲುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಪೆನ್ನುಗಳೂ ಹಡಗಿನೊಂದಿಗೆ ಹೋಗುತ್ತವೆ.

ಹಾಗಾಗಿ ದಡದ ಔಷಧದಂಗಡಿಯಲ್ಲಿ ಕೊಳ್ಳಬೇಕಾಗಿ ಬಂದರೆ ಎರಡು ಸಂಖ್ಯೆಗಳನ್ನು ನೋಡಿ. ಒಂದು, ಮಿಲಿಲೀಟರಿಗೆ ಎಷ್ಟು ಯೂನಿಟ್. ಹೆಚ್ಚಿನ ದೇಶಗಳಲ್ಲಿ 100, ಕೆಲವು ಕಡೆ ವಯಲ್‌ಗಳು 40ರದ್ದೂ ಇವೆ, ಸಿರಿಂಜ್ ಕೂಡ ಅದಕ್ಕೆ ತಕ್ಕಂತೆ ಬೇರೆ. 100ರ ಇನ್ಸುಲಿನ್ ಅನ್ನು 40ರ ಸಿರಿಂಜ್‌ನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಪ್ರಾಣಕ್ಕೆ ಅಪಾಯ. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜ್‌ಗೆ ಎಳೆಯಲೂಬೇಡಿ. ಎರಡು, ಅಲ್ಲಿನ ಮೀಟರ್ ತೋರಿಸುವ ಮಾನ. ಕೆಲವು ದೇಶಗಳಲ್ಲಿ ಮಿಲಿಮೋಲ್‌ನಲ್ಲಿ ಹೇಳುತ್ತಾರೆ. 18ರಿಂದ ಗುಣಿಸಿದರೆ ಮಿಲಿಗ್ರಾಂ ಸಿಗುತ್ತದೆ. 3.9 ಎಂದರೆ 70, 10 ಎಂದರೆ 180.

ಕಾಲು. ಬಿಸಿಲಿಗೆ ಕಾದ ಡೆಕ್ಕಿನ ಮರ, ಸಮುದ್ರದಂಡೆಯ ಮರಳು, ಸ್ಪರ್ಶಜ್ಞಾನ ಕಡಿಮೆಯಾದ ಪಾದವನ್ನು ನೋವೇ ಗೊತ್ತಾಗದಂತೆ ಸುಡುತ್ತವೆ. ಬರಿಗಾಲಲ್ಲಿ ಓಡಾಡಬೇಡಿ, ನೀರಿಗಿಳಿಯುವಾಗಲೂ ಪಾದರಕ್ಷೆ ಇರಲಿ, ಪ್ರತಿ ರಾತ್ರಿ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಹೊಸ ಶೂ ಕೊಂಡು ಈ ಪ್ರವಾಸದಲ್ಲೇ ಹಾಕಲು ಶುರುಮಾಡಬೇಡಿ.

ಎಲ್ಲ ಸರಿಯಿದ್ದೂ, ಊಟ ಮಾಮೂಲಿಯಾಗಿದ್ದೂ ಶುಗರ್ ಕಾರಣವಿಲ್ಲದೆ ಏರುತ್ತಲೇ ಇದ್ದರೆ ಡೋಸ್ ಹೆಚ್ಚಿಸುತ್ತಾ ಹೋಗುವ ಮೊದಲು ಪೆನ್ ಬದಲಿಸಿ ನೋಡಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಸುಕಾಗಿದ್ದರೆ, ಎಳೆ ಅಥವಾ ಕಣ ಕಂಡರೆ ಬಿಸಾಡಿ; ಏನೂ ಕಾಣದಿದ್ದರೂ ಕೆಟ್ಟಿರಬಹುದು. ಹೆಚ್ಚುವರಿ ಪೆನ್ನುಗಳನ್ನು ಎರಡು ಜಾಗದಲ್ಲಿಡಿ ಎಂದದ್ದು ಇದಕ್ಕೇ. ಒಂದೇ ಫ್ರಿಜ್ಜಿನಲ್ಲಿ ಎಲ್ಲವೂ ಹೆಪ್ಪುಗಟ್ಟಿದ್ದರೆ ಬದಲಿಸುವ ಪೆನ್ನೂ ಕೆಟ್ಟದ್ದೇ ಆಗಿರುತ್ತದೆ. ಕಡೆಗೂ ಕೆಟ್ಟ ಪೆನ್ ಬದಲಾಗಿದ್ದರೆ ಹೊಸದು ಪೂರ್ಣ ಬಲದ್ದು ಎಂಬುದು ನೆನಪಿರಲಿ, ಹೆಚ್ಚಿಸಿದ ಡೋಸ್ ಮುಂದುವರಿಸಬೇಡಿ.

ಬಳಸಿದ ಸೂಜಿಗಳನ್ನು ಕ್ಯಾಬಿನ್‌ನ ಕಸದ ಬುಟ್ಟಿಗೆ ಹಾಕಬೇಡಿ, ಅದನ್ನು ಕೈಯಲ್ಲಿ ಎತ್ತುವವರಿಗೆ ಚುಚ್ಚುತ್ತದೆ. ಟಾಯ್ಲೆಟ್‌ಗೆ ಹಾಕಲೇಬೇಡಿ, ಹಡಗಿನ ಟಾಯ್ಲೆಟ್‌ಗಳು ಗಾಳಿಯ ಎಳೆತದಿಂದ ಕೆಲಸ ಮಾಡುವವು, ಕೊಳವೆಯಲ್ಲಿ ಸಿಕ್ಕರೆ ಸಾಲು ಕ್ಯಾಬಿನ್‌ಗಳಿಗೇ ತೊಂದರೆ. ಡಬ್ಬಿ ಕೇಳಿದರೆ ಕೊಡುತ್ತಾರೆ, ಇಳಿಯುವಾಗ ಅದನ್ನು ಅಲ್ಲೇ ಒಪ್ಪಿಸಿ.

ಕೊನೆಯ ರಾತ್ರಿ ದೊಡ್ಡ ಸೂಟ್‌ಕೇಸನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ. ಮರುದಿನ ದಡದಲ್ಲೇ ಅದು ಸಿಗುವುದು. ಅದಕ್ಕೆ ಮೊದಲು ಇನ್ಸುಲಿನ್, ಮೀಟರ್, ಬೆಳಗಿನ ಮಾತ್ರೆಗಳು ಕೈಚೀಲಕ್ಕೆ ಬಂದಿವೆಯೇ ನೋಡಿ. ಬೆಳಿಗ್ಗೆ ಕ್ಯಾಬಿನ್ ಬಿಡುವ ಮುನ್ನ ಫ್ರಿಜ್ ಬಾಗಿಲು ತೆರೆದು ನೋಡಿ. ಮರೆಯದಿರಲು ಕ್ಯಾಬಿನ್ ಕಾರ್ಡನ್ನೇ ಆ ರಾತ್ರಿ ಇನ್ಸುಲಿನ್ ಡಬ್ಬಿಯ ಮೇಲಿಟ್ಟರೆ ಆಯಿತು, ಕಾರ್ಡ್ ಇಲ್ಲದೆ ಹಡಗಿನಿಂದ ಇಳಿಯಲು ಬಿಡುವುದಿಲ್ಲ. ಮನೆಗೆ ಬಂದ ಮೇಲೆ ಉಳಿದ ಪೆನ್ನುಗಳನ್ನು ವಿಂಗಡಿಸಿ. ಪ್ರವಾಸದುದ್ದಕ್ಕೂ 2ರಿಂದ 8 ಡಿಗ್ರಿಯಲ್ಲೇ ಇದ್ದದ್ದು ಖಚಿತವಾದವು ಫ್ರಿಜ್ಜಿಗೆ. ಹೊರಗಿದ್ದವುಗಳ ಮೇಲೆ ಹೊರತೆಗೆದ ದಿನಾಂಕ ಬರೆದು ಮೊದಲು ಅವನ್ನೇ ಬಳಸಿ. ಮತ್ತೆ ತಣ್ಣಗೆ ಮಾಡಿದ ಮಾತ್ರಕ್ಕೆ ಕಳೆದ ದಿನಗಳು ಲೆಕ್ಕದಿಂದ ಹೋಗುವುದಿಲ್ಲ. 28 ದಿನದ ಪೆನ್ ಹಡಗಿನಲ್ಲಿ 14 ದಿನ ಹೊರಗಿದ್ದರೆ ಇನ್ನು ಉಳಿದದ್ದು 14.